ಫಕೀರವ್ವನ ಎಡೆ

ಬನ್ನಿಕೊಳ್ಳದ ಮಠವೆಂದರೆ ಹೊರಗಿನವರು ಏನೇನೋ ಕಲ್ಪಿಸಿಕೊಂಡು ಬರುತ್ತಿದ್ದರು. ಬಂದು ನೋಡಿದರೆ ಒಂದು ಮಣ್ಣಿನ ಮಾಳಿಗೆ, ಮುಂದೊಂದು ಪಡಸಾಲೆ, ಅಂಗಳದಲ್ಲಿ ಬೇವಿನ ಮರ, ಹಿಂದೆ ದನದ ಕೊಟ್ಟಿಗೆ. ಪಲ್ಲಕ್ಕಿಯಿಲ್ಲ, ಕಿರೀಟವಿಲ್ಲ. ಪೂಜ್ಯ ಶ್ರೀ ಪರ್ವತಲಿಂಗ ಅಜ್ಜನವರು ಬೆಳಗಿನ ಲಿಂಗಪೂಜೆ ಮುಗಿಸಿದರೆಂದರೆ ಬೇವಿನ ನೆರಳಿಗೆ ಗೋಣಿತಟ್ಟು ಹಾಸಿಕೊಂಡು, ಮೊರದಲ್ಲಿ ದಾಸೋಹದ ಜೋಳ ಹಸನು ಮಾಡುತ್ತ ಕುಳಿತುಬಿಡುವರು. ದರ್ಶನಕ್ಕೆ ಬಂದ ಎಷ್ಟೋ ಮಂದಿ ಅವರನ್ನೇ “ಏ ಮುದುಕಪ್ಪಾ, ಸ್ವಾಮಿಗಳು ಎಲ್ಲಿ ಅದಾರ?” ಎಂದು ಕೇಳಿದ್ದುಂಟು. “ಒಳಗ ಹೋಗಿ ಅಂಬಲಿ ಕುಡೀರಿ, ಆಮ್ಯಾಲೆ ಸಿಗತಾರ” ಎನ್ನುವರು ಅಜ್ಜನವರು. ಅಂಬಲಿ ಕುಡಿದು, ಮೀಸೆ ಒರೆಸಿಕೊಂಡು ಹೊರಗೆ ಬಂದರೆ ಬೇವಿನ ಕೆಳಗೆ ಅದೇ ಮುದುಕಪ್ಪ! ನಾಚಿ ನೀರಾಗಿ ಕಾಲಿಗೆ ಬೀಳುವರು. ಅಜ್ಜನವರು ನಗುನಗುತ್ತ ಮೊರದಲ್ಲಿನ ಕಲ್ಲು ಆಯುವುದನ್ನು ಮುಂದುವರಿಸುವರು.

ಅವರದು ಇನ್ನೊಂದು ನಡೆ ಇತ್ತು. ಜಡ್ಡು ಜಾಪತ್ತು ಬಂದು ತಂದೆ ತಾಯಿ ತೀರಿಕೊಂಡ ಮಕ್ಕಳನ್ನು ಸುತ್ತಲಿನ ಹಳ್ಳಿಯವರು ತಂದು ಮಠದ ಕಟ್ಟೆಯ ಮೇಲೆ ಕುಳ್ಳಿರಿಸಿ ಹೋಗುವರು. ಬೇರೆ ಮಠಗಳಲ್ಲಾದರೆ ಅಂಥ ಮಕ್ಕಳು ಅಲ್ಲಿಯೇ ಉಂಡು, ಓದಿ, ದೊಡ್ಡವರಾಗುತ್ತಿದ್ದರು. ಅಜ್ಜನವರು ಹಾಗೆ ಮಾಡಲಿಲ್ಲ. “ಮಠದಾಗ ಪ್ರಸಾದ ಸಿಗತೈತಿ ಖರೆ. ಮಗೂಗ ಮುನಿಸ್ಯಾಡಾಕ ಒಂದು ಮನಿ ಬೇಕಲ್ಲ!” ಎನ್ನುವರು. ಸುತ್ತಮುತ್ತ ವಿಚಾರಿಸಿ, ಮಗುವನ್ನು ಇಟ್ಟುಕೊಳ್ಳಲು ಮನಸ್ಸುಳ್ಳ ಮನೆಯ ಹೆಣ್ಣುಮಗಳನ್ನು ಕರೆಸಿ, ಸೆರಗೊಡ್ಡಿ ಕೂಡಲು ಹೇಳುವರು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಸಿನದ ಕೊಂಬು ಹಾಕಿ ಉಡಿ ತುಂಬಿಸಿ, ಅದರ ಮೇಲೆ ಮಗುವನ್ನು ಕುಳ್ಳಿರಿಸುವರು. ಆಗ ಅವರು ಹೇಳುತ್ತಿದ್ದುದು ಎರಡೇ ಮಾತು. “ಕೊಡಾಕತ್ತಿಲ್ಲವ್ವ, ಒಪ್ಪಸಾಕತ್ತೀನಿ. ಅಮಾಸಿಗೊಮ್ಮೆ ಮಗೂನ ಕರ್ಕೊಂಡು ಬಾ.”

ಮುರಡಗಿಯ ತೋಟವ್ವ ಹೀಗೆ ಉಡಿಯೊಡ್ಡಿದವಳು. ಗಂಡ ಸಂಕಣ್ಣ ಕುಪ್ಪಸದ ಖಣ ನೇಯುವವನು. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತರೆ ಊಟದ ನೆನಪೂ ಇಲ್ಲದ ಮನುಷ್ಯ. ಮದುವೆಯಾಗಿ ಎಷ್ಟೋ ವರ್ಷ ಕಳೆದರೂ ತೋಟವ್ವನಿಗೆ ಮಕ್ಕಳಾಗಿರಲಿಲ್ಲ. ಬೇರೆಯವರ ಮನೆಯ ತೊಟ್ಟಿಲು ಶಾಸ್ತ್ರಕ್ಕೆ ಹೋಗಿ ಬಂದ ದಿನ ಆಕೆ ಒಲೆಯ ಮುಂದೆ ಕುಳಿತು, ಹೊಗೆಯ ನೆವ ಮಾಡಿ ಅಳುತ್ತಿದ್ದಳು. ಹೊಗೆಯಿಲ್ಲದ ದಿನವೂ ಹೆಂಡತಿಯ ಕಣ್ಣು ಕೆಂಪಗಿರುವುದನ್ನು ಸಂಕಣ್ಣ ಕಂಡು ಸುಮ್ಮನಿರುತ್ತಿದ್ದ.

ಆ ವರ್ಷ ಸುಗ್ಗಿಗೆ ಕೂಲಿಗೆಂದು ಬಂದ ಗುಂಪಿನಲ್ಲಿ ಫಕೀರವ್ವ ಎಂಬ ಹೆಣ್ಣುಮಗಳಿದ್ದಳು. ಜೊತೆಗೊಬ್ಬಳು ಮಗಳು, ಹೆಸರು ಕೆಂಚಿ. ಜ್ವರ ಬಂದು ಫಕೀರವ್ವ ನಡೆಯಲಾರದೆ ಹೋದಾಗ ಗುಂಪಿನವರು ಅವಳನ್ನು ಮಠದ ಪಡಸಾಲೆಯಲ್ಲಿ ಮಲಗಿಸಿ ಮುಂದಿನೂರಿಗೆ ಹೋದರು. ಅಜ್ಜನವರು ಸ್ವತಃ ಕಷಾಯ ಕಾಸಿ ಕುಡಿಸಿದರು, ತಲೆದೆಸೆಯಲ್ಲಿ ಕುಳಿತರು. ಆಯುಷ್ಯ ಮುಗಿದಿತ್ತು. ಕೊಳ್ಳದ ದಂಡೆಯಲ್ಲಿ ಬನ್ನಿ ಮರದ ಹತ್ತಿರ ಅವಳನ್ನು ಮಣ್ಣು ಮಾಡಿ, ಕೊಳ್ಳದ ಬಿಳಿಗಲ್ಲುಗಳನ್ನು ಅಜ್ಜನವರೇ ಆರಿಸಿ ತಂದು ಸುತ್ತಲೂ ಇಟ್ಟರು. ಕೆಂಚಿಗೆ ಆಗ ಮುಂಬಲ್ಲು ಬಿದ್ದು ಹೊಸ ಹಲ್ಲು ಮೂಡುವ ವಯಸ್ಸು.

“ಫಕೀರವ್ವನ ಮಗಳನ್ನ ನಿನ್ನ ಉಡಿಯೊಳಗ ಇಡಾಕತ್ತೀನಿ, ತಂಗಿ” ಎಂದು ಅಜ್ಜನವರು ಕೆಂಚಿಯನ್ನು ಕುಳ್ಳಿರಿಸಿದಾಗ ತೋಟವ್ವನ ಕಿವಿಗೆ ಬಿದ್ದದ್ದು ‘ಮಗಳು’ ಎಂಬ ಮಾತೊಂದೇ. ಮುಂದಿನದು, ಹಿಂದಿನದು ಯಾವುದೂ ತಲೆಗೆ ಹೋಗಲಿಲ್ಲ. ಅಷ್ಟು ವರ್ಷ ಬರಿದಾಗಿದ್ದ ಉಡಿಯಲ್ಲಿ ಬೆಚ್ಚಗಿನ ಒಂದು ಜೀವ ಬಂದು ಕುಳಿತರೆ ಯಾರಿಗೆ ತಾನೇ ಮೈಮೇಲೆ ಎಚ್ಚರವಿರುತ್ತದೆ, ಹೇಳಿ? ಊರು ಮುಟ್ಟುವವರೆಗೆ ಆಕೆಗೆ ನೆಲಕ್ಕೆ ಕಾಲು ಹತ್ತಲಿಲ್ಲ.

ಮನೆಗೆ ಕರೆತಂದವಳೇ ಎಣ್ಣೆ ಹಚ್ಚಿ ಎರೆದಳು. ಹೊಸ ಪರಕಾರ ತೊಡಿಸಿದಳು. ಹಳೆಯ ಚಿಂದಿ ಪರಕಾರವನ್ನು ನೀರೊಲೆಗೆ ಹಾಕಿದಳು. ಕೆಂಚಿ ಒಲೆಯ ಮುಂದೆ ನಿಂತು ಅದು ಉರಿದು ಮುಗಿಯುವತನಕ ನೋಡಿದಳು. ಆ ಸೀಮೆಯಲ್ಲಿ ಮನೆಗೆ ಬಂದ ಕೂಸಿಗೆ ತೀರಿಹೋದ ಹಿರಿಯರ ಹೆಸರಿಡುವುದು ಪದ್ಧತಿ. ತೋಟವ್ವ ಸಣ್ಣ ಕೂಸಿಗೆ ಮಾಡುವಂತೆಯೇ ಓಣಿಗೆಲ್ಲ ಸಕ್ಕರೆ ಹಂಚಿ, ತನ್ನ ಅತ್ತೆಯ ಹೆಸರಾದ ‘ನಾಗವ್ವ’ ಎಂದು ಹುಡುಗಿಗೆ ಹೆಸರಿಟ್ಟಳು. “ಅತ್ತೀನ ಹೊಳ್ಳಿ ಬಂದ್ಲು ನೋಡವಾ!” ಎಂದು ಓಣಿಯವರು ಸಂತೋಷಪಟ್ಟರು.

ಪಾಪ, ಅತ್ತೆಯ ಹೆಸರು ಹೊತ್ತ ಹುಡುಗಿಗೆ ಯಾರನ್ನು ಕರೆಯುತ್ತಿದ್ದಾರೆಂದೇ ತಿಳಿಯುತ್ತಿರಲಿಲ್ಲ. “ನಾಗವ್ವಾ” ಎಂದರೆ ಹಿಂದೆ ತಿರುಗಿ ನೋಡುವಳು, ಇನ್ನಾರೋ ಬಂದಿರಬೇಕೆಂದು. ತೋಟವ್ವನನ್ನು ಅವ್ವ ಎನ್ನಲಿಲ್ಲ, ಏನೂ ಎನ್ನಲಿಲ್ಲ. ಬೇಕಾದರೆ ಬಂದು ಹತ್ತಿರ ನಿಲ್ಲುವಳು, ಅಷ್ಟೇ. ಬಡಿಸಿದರೆ ಉಣ್ಣುವಳು, ಬಡಿಸದಿದ್ದರೆ ಇಲ್ಲ. ಹಸಿವೆ ಎಂದು ಒಂದು ದಿನವೂ ಬಾಯಿಬಿಟ್ಟು ಕೇಳಿದವಳಲ್ಲ. ಆದರೆ ಉಂಡೆದ್ದ ಮೇಲೆ ರೊಟ್ಟಿಯ ಬುಟ್ಟಿಯಲ್ಲಿ ಒಂದು ರೊಟ್ಟಿ ಕಡಿಮೆಯಿರುತ್ತಿತ್ತು. ಆ ರೊಟ್ಟಿ ಹಾಸಿಗೆಯ ಸುರುಳಿಯಲ್ಲಿ, ಕಟ್ಟಿಗೆಯ ಸಂದಿಯಲ್ಲಿ, ಒಂದೊಂದು ದಿನ ರೇಷ್ಮೆಯ ಬುಟ್ಟಿಯಲ್ಲಿಯೇ ಸಿಗುತ್ತಿತ್ತು. ನೇಕಾರನ ಮನೆಯಲ್ಲಿ ರೇಷ್ಮೆಗೆ ಇರುವೆ ಹತ್ತಿದರೆ ಗತಿಯೇನು! ಸಂಕಣ್ಣ ಬಯ್ಯಲಿಲ್ಲ. ಬುಟ್ಟಿಯನ್ನು ಅಂಗಳಕ್ಕೆ ಒಯ್ದು, ಎಳೆ ಎಳೆಯಾಗಿ ಬಿಡಿಸಿ ಇರುವೆ ಜಾಡಿಸುತ್ತಿದ್ದ. ತೋಟವ್ವನಿಗೆ ಮಾತ್ರ ತಡೆಯಲಾಗುತ್ತಿರಲಿಲ್ಲ. “ನಾನೇನು ನಿನ್ನ ಉಪವಾಸ ಕೆಡವೀನೇನ? ಕದಿಯೂದ್ಯಾಕ? ಅವ್ವಾ ಅಂತ ಕೇಳು, ತುಪ್ಪಾ ಹಚ್ಚಿ ಕೊಡ್ತೀನಿ” ಎನ್ನುವಳು. ಬೆಲ್ಲದ ಹೆಂಟೆ ತೋರಿಸಿ, “ಒಂದ ಸಲ ಅವ್ವಾ ಅನ್ನು” ಎಂದು ರಮಿಸುವಳು. ಕೆಂಚಿ ಬೆಲ್ಲವನ್ನು ನೋಡಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುವಳು.

ಮೊದಲ ಅಮಾವಾಸ್ಯೆಗೆ ಮಠಕ್ಕೆ ಕರೆದೊಯ್ದಿದ್ದಳು. ಹುಡುಗಿ ಪಡಸಾಲೆಯ ಕಂಬ ತಬ್ಬಿಕೊಂಡು ಅತ್ತದ್ದೇ ಅತ್ತದ್ದು. ಬನ್ನಿ ಮರದ ಕಡೆಗೆ ಓಡಿಹೋದಳು; ಅಲ್ಲಿಂದ ಎತ್ತಿಕೊಂಡೇ ಬರಬೇಕಾಯಿತು. ಮನೆಗೆ ಬಂದ ಮೇಲೂ ಬಾಯಿಗೆ ತುತ್ತು ಮುಟ್ಟಿಸಲಿಲ್ಲ. ತೋಟವ್ವನಿಗೆ ದಿಗಿಲಾಯಿತು. ಇನ್ನು ಆ ದಾರಿ ಬೇಡ ಎಂದು ನಿಶ್ಚಯಿಸಿದಳು. ಓಣಿಯ ಹೆಂಗಸರಿಗೂ, “ಹಳೇದು ಏನೂ ಆಕಿ ಮುಂದ ತಗೀಬ್ಯಾಡ್ರವಾ. ಮರೀಲಿ. ಮರತ್ರ ನಮ್ಮಾಕಿ ಆಗತಾಳ” ಎಂದು ಕೈಮುಗಿದು ಹೇಳಿದಳು. ಅಜ್ಜನವರ ಎರಡು ಮಾತುಗಳಲ್ಲಿ ಒಂದನ್ನು ಆಕೆ ಹೀಗೆ ಮೀರಿದಳು. ಪ್ರೀತಿಯಿಂದಲೇ ಮೀರಿದಳು, ಅದರಲ್ಲಿ ಎರಡು ಮಾತಿಲ್ಲ.

ಮಾನವಮಿ ಅಮಾವಾಸ್ಯೆ ಬಂತು. ಹಿರಿಯರ ಹಬ್ಬ. ಆ ದಿನ ಮನೆಯಲ್ಲಿ ತೀರಿಹೋದವರಿಗೆಲ್ಲ ಜಗಲಿಯ ಮುಂದೆ ಎಲೆ ಹಾಕಿ ಎಡೆ ಬಡಿಸುತ್ತಾರೆ. ಗಂಡಸರಿಗೆ ಧೋತರ, ಹೆಣ್ಣುಮಕ್ಕಳಿಗೆ ಸೀರೆಯೋ ಖಣವೋ ಇಡುತ್ತಾರೆ. ಹಿರಿಯರು ಬಂದು ಉಂಡು ಹೋಗುವ ತನಕ ಆ ಎಲೆಗೆ ಕೈ ಹಚ್ಚುವಂತಿಲ್ಲ. ಸಂಕಣ್ಣ ತನ್ನ ತಾಯಿಗೆಂದು ಪ್ರತಿವರ್ಷ ಹೊಸದೊಂದು ಖಣ ನೇಯುತ್ತಿದ್ದ. ಆ ವರ್ಷದ್ದು ದಾಳಿಂಬೆ ಬಣ್ಣದ್ದು. ಅವನ ಅಕ್ಕ ಶಿವಗಂಗವ್ವ ಹಬ್ಬಕ್ಕೆ ಬಂದಿದ್ದಳು. ಎಡೆಯಾಯಿತು, ಲೋಬಾನದ ಹೊಗೆ ಹಾಕಿ, ಬಾಗಿಲು ಮುಂದೆ ಮಾಡಿ, ಎಲ್ಲರೂ ಹೊರಗೆ ಬಂದು ಕುಳಿತರು. ಮರಳಿ ಒಳಗೆ ಹೋಗಿ ನೋಡಿದರೆ ಅತ್ತೆಯ ಎಲೆಯ ಮೇಲಿನ ಹೋಳಿಗೆಯೂ ಇಲ್ಲ, ಖಣವೂ ಇಲ್ಲ!

ಹುಡುಕಲು ಬಹಳ ಹೊತ್ತು ಹಿಡಿಯಲಿಲ್ಲ. ಮಗ್ಗದ ಕುಣಿಯ ಮೂಲೆಯಿಂದ ಶಿವಗಂಗವ್ವನೇ ಎಳೆದು ತೆಗೆದಳು. ಮಡಿಚಿದ ಖಣ, ಅದರೊಳಗೆ ಹೋಳಿಗೆ, ಜೊತೆಗೊಂದು ಬಿಳಿಯ ಹರಳುಗಲ್ಲು. “ಹಿರೇರ ಎಡೀಗೆ ಕೈ ಹಾಕಿದಾಕಿ! ನಮ್ಮವ್ವನ ಹೆಸರು ಬ್ಯಾರೆ ಇಟ್ಟೀದಿ ಈಕಿಗೆ! ಯಾರ ಹೊಟ್ಯಾಗಿಂದೋ ಏನೋ, ತಂದು ಜಗಲೀ ಮುಂದ ಕುಂಡ್ರಿಸ್ಕೊಂಡೀದಿ” ಎಂದು ನಾದಿನಿ ಹಾಕಿದ ಕೂಗು ಓಣಿಗೆಲ್ಲ ಕೇಳಿಸಿತು. ಬಾಗಿಲಲ್ಲಿ ಜನ ಕೂಡಿದರು. ತೋಟವ್ವನಿಗೆ ತಲೆ ಕೆಟ್ಟುಹೋಯಿತು. ಕೆಂಚಿಯ ಕೆನ್ನೆಗೆ ಹೊಡೆದಳು.

ಹುಡುಗಿ ಅಳಲಿಲ್ಲ. ಹೊಡೆದ ಕೈಯನ್ನು ನೋಡಲೂ ಇಲ್ಲ, ಶಿವಗಂಗವ್ವನ ಕೈಯಲ್ಲಿದ್ದ ಖಣದ ಗಂಟನ್ನೇ ನೋಡುತ್ತ ನಿಂತಳು. ಆ ನೋಟ ಕಂಡು ತೋಟವ್ವ ಕೈ ಹಿಂದಕ್ಕೆ ತೆಗೆದುಕೊಂಡಳು. ತನಗೆ ಈ ಮಗು ದಕ್ಕುವುದಿಲ್ಲ, ಇನ್ನು ಇಟ್ಟುಕೊಂಡರೆ ತಾನು ಹೊಡೆಯುವವಳಾಗಿಬಿಡುತ್ತೇನೆ ಎಂದು ಆಕೆಗೆ ಹೆದರಿಕೆಯಾಯಿತು. ಮರುದಿನ ಬೆಳಗಾಗುತ್ತಲೇ ಬುತ್ತಿ ಕಟ್ಟಿದಳು. ಆ ಗಂಟನ್ನೂ ಇದ್ದ ಹಾಗೆಯೇ ತೆಗೆದುಕೊಂಡಳು, ಅಜ್ಜನವರು ನಂಬಬೇಕಲ್ಲ. ಸಂಕಣ್ಣ ಗಾಡಿ ಹೂಡಿದ. “ಬಿಟ್ಟು ಬರೂದ ಖರೇನೇನ?” ಎಂದು ಒಮ್ಮೆ ಕೇಳಿದ. ತೋಟವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಅವನು ಎತ್ತು ಹೊಡೆದ.

ಗಾಡಿ ಮಠ ಮುಟ್ಟಿದಾಗ ಅಜ್ಜನವರು ಬೇವಿನ ಕೆಳಗೆ ಜೋಳ ಹಸನು ಮಾಡುತ್ತಿದ್ದರು. ಅಡುಗೆಮನೆಯ ಹಿರಿಯ ಶಿಷ್ಯ ರುದ್ರಯ್ಯನವರು ಎದುರಿಗೆ ಕುಳಿತು ಚೀಲದ ಬಾಯಿ ಹಿಡಿದಿದ್ದರು. ತೋಟವ್ವ ನಮಸ್ಕಾರ ಮಾಡಿದ್ದೇ ತಡ, ಕಟ್ಟೆಯೊಡೆದಂತೆ ಎಲ್ಲವನ್ನೂ ಹೇಳಿಬಿಟ್ಟಳು.

“ನನ್ನಿಂದ ಆಗೂದಿಲ್ರಿ ಯಪ್ಪಾ. ಹಾಲು ಕೊಟ್ಟೆ, ತುಪ್ಪಾ ಕೊಟ್ಟೆ, ಅತ್ತೀ ಹೆಸರು ಇಟ್ಟೆ. ಒಂದ ಸಲ ಅವ್ವಾ ಅನಲಿಲ್ಲ. ಹಳೇದೆಲ್ಲಾ ಮರೀಲಿ ಅಂತ ಕಣ್ಣಾಗ ಎಣ್ಣಿ ಬಿಟ್ಕೊಂಡು ಕಾಯ್ದೆ. ಈಗ ಹಿರೇರ ಎಡೀನ ಕದ್ದಾಳ. ಈ ಕೈಲೆ ಹೊಡದೆ ಯಪ್ಪಾ, ಈ ಕೈಲೆ. ನೀವು ಒಪ್ಪಿಸಿದ್ರಿ, ನಾ ಹೊಳ್ಳಿ ಒಪ್ಪಸಾಕ ಬಂದೀನಿ.”

ಹೀಗೆಂದು ಗಂಟನ್ನು ಅಜ್ಜನವರ ಮುಂದಿಟ್ಟು, ಮುಖ ಮುಚ್ಚಿಕೊಂಡು ಅತ್ತಳು. ಕೆಂಚಿ ಗಾಡಿಯ ಗಾಲಿಗೆ ಆತುಕೊಂಡು ನಿಂತಿದ್ದಳು.

ಅಜ್ಜನವರು ಸಮಾಧಾನ ಹೇಳಲಿಲ್ಲ, ಸಿಟ್ಟಾಗಲೂ ಇಲ್ಲ. ಮೊರ ಪಕ್ಕಕ್ಕಿಟ್ಟು ಗಂಟು ಬಿಚ್ಚಿದರು. ಇರುವೆ ಹತ್ತಿದ ಹೋಳಿಗೆ ಕಂಡಿತು. ಬಿಳಿಗಲ್ಲು ಉರುಳಿ ಅವರ ಮೊಣಕಾಲಿಗೆ ಬಂದು ತಾಗಿತು. ಬೆಳಗಿನಿಂದ ಜೋಳದ ಕಲ್ಲುಗಳನ್ನು ಆಯ್ದು ಎಸೆಯುತ್ತಿದ್ದ ಅದೇ ಬೆರಳುಗಳಿಂದ ಅವರು ಈ ಕಲ್ಲನ್ನು ಮೆಲ್ಲನೆ ಎತ್ತಿ ಅಂಗೈಯಲ್ಲಿ ಇಟ್ಟುಕೊಂಡರು. ಬಹಳ ಹೊತ್ತು ನೋಡಿದರು. ಆಮೇಲೆ ತಲೆಯೆತ್ತಿ ಕೇಳಿದರು:

“ಈ ಕೂಸಿನ ಹೆತ್ತವ್ವನ ಹೆಸರೇನವ್ವ?”

ತೋಟವ್ವನ ಅಳು ನಿಂತಿತು. ಹೆಸರು? ಉಡಿ ತುಂಬಿದ ದಿನ ಅಜ್ಜನವರು ಏನೋ ಹೇಳಿದ್ದರು. ಎಷ್ಟು ನೆನಪು ಮಾಡಿಕೊಂಡರೂ ಬರಲೊಲ್ಲದು. ಅರ್ಧ ವರ್ಷ ತನ್ನ ಪಕ್ಕದಲ್ಲಿಯೇ ಮಲಗಿದ ಮಗುವಿನ ತಾಯಿಯ ಹೆಸರು ತನಗೆ ಗೊತ್ತಿಲ್ಲ. ಗೊತ್ತಿಲ್ಲವೆಂಬುದೂ ಈವರೆಗೆ ಗೊತ್ತಿರಲಿಲ್ಲ. ಆಕೆ ನೆಲ ನೋಡಿದಳು.

ಅಜ್ಜನವರು ಒತ್ತಾಯಿಸಲಿಲ್ಲ. ಅಂಗೈಯ ಕಲ್ಲನ್ನು ನೋಡುತ್ತಲೇ, ಯಾರಿಗೋ ಪರಿಚಯ ಹೇಳುವಷ್ಟು ಸಹಜವಾಗಿ ನುಡಿದರು:

“ನಮ್ಮ ಹೆತ್ತವ್ವ ಬಾಳವ್ವ.”

ರುದ್ರಯ್ಯನವರ ಕೈಯಿಂದ ಚೀಲದ ಬಾಯಿ ಜಾರಿ ಜೋಳ ಚೆಲ್ಲಿತು. ಕಪ್ಪು ಕೂದಲಿದ್ದಾಗ ಮಠಕ್ಕೆ ಬಂದು ಸೇವೆಯಲ್ಲಿಯೇ ತಲೆ ನರೆತವರು ಅವರು. ಈ ಹೆಸರನ್ನು ಎಂದೂ ಕೇಳಿರಲಿಲ್ಲ. ವಿರಕ್ತರಾದವರಿಗೆ ಊರಿಲ್ಲ, ಕುಲವಿಲ್ಲ, ತಂದೆ ತಾಯಿಗಳ ಹೆಸರಿಲ್ಲ. ಪೂರ್ವಾಶ್ರಮದ ಮಾತು ತೆಗೆಯುವುದೇ ತಪ್ಪು. ಅಂಥದ್ದರಲ್ಲಿ ಒಬ್ಬ ನೇಕಾರ ಹೆಣ್ಣುಮಗಳ ಮುಂದೆ, ಒಂದು ಪರದೇಶಿ ಕೂಸಿನ ಮುಂದೆ, ಗುರುಗಳು ತಾಯಿಯ ಹೆಸರು ಹೇಳುತ್ತಿದ್ದಾರೆ! 

“ಬರ ಬಿದ್ದಾಗ ನಮ್ಮನ್ನ ಅಗೋ, ಆ ಕಟ್ಟೀ ಮ್ಯಾಲೆ ಕುಂಡ್ರಿಸಿ ಹೋದ್ಲು. ಹೊಳ್ಳಿ ಬರಲಿಲ್ಲ. ನಮ್ಮ ಗುರುಗಳು ದಿನಾ ಪೂಜಿ ಮುಗಿಸಿ ಬಂದು, ‘ಮಗಾ, ನಿಮ್ಮವ್ವನ ಹೆಸರೇನು?’ ಅಂತ ಕೇಳವ್ರು. ನಾವು ಹೇಳವ್ರು. ಆಮ್ಯಾಲೆನ ಗುರುಗಳ ಕೈಲೆ ಉಣ್ಣಾಕ ಮನಸ್ಸು ಬರತಿತ್ತು.”

 ಆಗ ಗಾಡಿಯ ಹತ್ತಿರದಿಂದ ಸಣ್ಣ ದನಿಯೊಂದು ಬಂತು.

“ನಮ್ಮವ್ವ ಫಕೀರವ್ವ.”

ಕೆಂಚಿ ಗಾಲಿ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಿದ್ದಳು. ಕಣ್ಣು ಅಜ್ಜನವರ ಅಂಗೈಯ ಮೇಲೆಯೇ ಇತ್ತು. “ಅದು ನಮ್ಮವ್ವಂದು. ಬನ್ನೀಗಿಡದ ಕೆಳಗಿಂದು. ನಾ ತಂದಿದ್ದೆ” ಎಂದಳು. ಅಜ್ಜನವರು ಕೈ ಚಾಚಿದರು. ಹುಡುಗಿ ಹತ್ತಿರ ಬಂದು ಕಲ್ಲನ್ನು ತೆಗೆದುಕೊಂಡು ಪರಕಾರದಿಂದ ಒರೆಸಿದಳು. ಆಮೇಲೆ ಯಾರೂ ಕೇಳದೆಯೇ ಮಾತು ತಾನಾಗಿ ಬಂತು.

“ನಿನ್ನೆ ಎಲ್ಲಾರಿಗೂ ಎಡಿ ಇಟ್ರು. ಅವರ ಅತ್ತೀಗೆ ಇಟ್ರು, ಮಾವಗ ಇಟ್ರು, ಯಾರ್‍ಯಾರಿಗೋ ಇಟ್ರು. ನಮ್ಮವ್ವಗ ಯಾರೂ ಇಡಲಿಲ್ಲ. ಆಕಿ ಹಸದಿರತಾಳ.”

ಅಯ್ಯೋ ಶಿವನೇ! ತೋಟವ್ವನಿಗೆ ಆಗ ಹೊಳೆಯಿತು. ಕುಣಿಯ ಮೂಲೆಯಲ್ಲಿ ಸಿಕ್ಕಿದ್ದು ಕಳವಿನ ಗಂಟಲ್ಲ. ಅದೊಂದು ಎಡೆ. ಖಣ ಹಾಸಿ, ಅದರ ಮೇಲೆ ತಾಯಿಯನ್ನು ಕುಳ್ಳಿರಿಸಿ, ಹೋಳಿಗೆ ಬಡಿಸಿ, ಈ ಪುಟ್ಟ ಕೈಗಳು ದೊಡ್ಡವರು ಮಾಡಿದ್ದನ್ನು ನೋಡಿಕೊಂಡು ಹಾಗೆಯೇ ಮಾಡಿದ್ದವು. ತಾನು ಹೊಡೆದದ್ದು ಅದಕ್ಕೆ.

“ರೊಟ್ಟಿನೂ… ರೊಟ್ಟಿನೂ ಆಕಿಗೇನವ್ವ?” ಎಂದು ಕೇಳಿದಳು ತೋಟವ್ವ.

ಕೆಂಚಿ ತಲೆಯಾಡಿಸಿದಳು. “ಹೊಲದಾಗ ರೊಟ್ಟಿ ಕೊಟ್ರ ಅವ್ವ ತಾ ಉಣ್ಣದ ನನಗ ಎತ್ತಿ ಇಡತಿದ್ಲು. ಈಗ ನನಗ ದಿನಾ ರೊಟ್ಟಿ ಅದಾವ. ಆಕಿಗಿಲ್ಲ.”

ಸಂಕಣ್ಣ ಎತ್ತಿನ ಕೊರಳು ಸವರುವ ನೆವದಲ್ಲಿ ಆ ಕಡೆ ತಿರುಗಿದ. ರೇಷ್ಮೆಯಿಂದ ಅವನು ಬಿಡಿಸಿ ಬಿಡಿಸಿ ಜಾಡಿಸಿದ ಇರುವೆಗಳೆಲ್ಲ ಆಗ ಅವನ ಕಣ್ಣ ಮುಂದೆ ಬಂದಿರಬೇಕು.

“ನಾ ಅವ್ವ ಆಗಬೇಕಂತ ಬಡದಾಡಿದೆ ಯಪ್ಪಾ” ಎಂದಳು ತೋಟವ್ವ. “ಏನ ಮಾಡಿದ್ರೂ ಆಗಲಿಲ್ಲ.”

“ಅವ್ವನ ಜಾಗಾದಾಗ ಅವ್ವ ಅದಾಳ, ತಂಗಿ” ಎಂದರು ಅಜ್ಜನವರು. “ಫಕೀರವ್ವಗ ಒಬ್ಬ ಅಕ್ಕ ಬೇಕಾಗ್ಯಾಳ.”

 ತೋಟವ್ವ ಈ ಸಲ ಆ ಮಾತನ್ನು ಪೂರ್ತಿಯಾಗಿ ಕೇಳಿದ್ದಳು; ಒಂದಕ್ಷರವೂ ಕಿವಿಯಿಂದ ಜಾರಲಿಲ್ಲ. ಅಷ್ಟು ದಿನ ಆಕೆ ಸತ್ತುಹೋದ ಒಬ್ಬ ಹೆಣ್ಣುಮಗಳೊಡನೆ ಗುದ್ದಾಡುತ್ತಿದ್ದಳು. ಮುಖ ನೋಡದ, ಹೆಸರು ತಿಳಿಯದ ಆ ಹೆಣ್ಣುಮಗಳು ತನ್ನ ತುತ್ತನ್ನು ಮಗಳಿಗಿಟ್ಟು ಬಿಸಿಲಲ್ಲಿ ಜೋಳ ಕೊಯ್ದವಳು; ತನಗಿಂತ ಸಣ್ಣವಳು; ತನ್ನ ಜೀವದ ಜೀವವನ್ನು ಬಿಟ್ಟುಹೋಗುವಾಗ ಎಷ್ಟು ಸಂಕಟಪಟ್ಟಳೋ. ತೋಟವ್ವನಿಗೆ ಈಗ ಅವಳ ಮೇಲೆಯೇ ಕನಿಕರ ಉಕ್ಕಿ ಬಂತು. ಎದ್ದಳು. ಗಾಡಿಯಿಂದ ಬುತ್ತಿಯ ಗಂಟು ತಂದಳು. ನಿನ್ನೆಯ ಹೋಳಿಗೆ, ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ ಎಲ್ಲವೂ ಅದರಲ್ಲಿತ್ತು.

“ಒಂದು ಎಲಿ ಕೊಡ್ರಿ ರುದ್ರಯ್ಯನವರ” ಎಂದಳು.

ರುದ್ರಯ್ಯನವರು ಗುರುಗಳ ಮುಖ ನೋಡಿದರು. “ಬುದ್ಧೀ, ಅಮಾಸಿ ನಿನ್ನೇನ ಹೋತು. ಮ್ಯಾಲೆ, ಮಠದಾಗ ಎಡಿ ಇಡೂ ಪದ್ಧತಿ ಇಲ್ಲಲ್ರಿ. ವಿರಕ್ತರು ಎಡಿ ಇಡಾಂಗಿಲ್ಲ.”

“ನಾವು ಇಡಾಂಗಿಲ್ಲ, ಖರೆ” ಎಂದರು ಅಜ್ಜನವರು. “ಆಕಿ ಇಡಲಿ.”

ಬನ್ನಿ ಮರದ ಕೆಳಗೆ, ಬಿಳಿಗಲ್ಲುಗಳ ನಡುವೆ ತೋಟವ್ವ ಮುತ್ತುಗದ ಎಲೆ ಹಾಸಿದಳು. ದಾಳಿಂಬೆ ಬಣ್ಣದ ಖಣವನ್ನು ಜಾಡಿಸಿ ಮಡಿಚಿ ಇಟ್ಟಳು. ಕೆಂಚಿ ತನ್ನ ಕಲ್ಲನ್ನು ಅದರ ಮೇಲೆ ಕುಳ್ಳಿರಿಸಿದಳು. ಅಜ್ಜನವರು ಕಣಗಿಲ ಹೂ ತಂದು ಏರಿಸಿ, ವಿಭೂತಿ ಹಚ್ಚಿದರು. ತೋಟವ್ವ ಮದುವೆಯೂಟಕ್ಕೆ ಬಡಿಸುವಂತೆ ಒಂದೊಂದನ್ನೇ ಬಡಿಸಿದಳು. ಬಡಿಸಿ, ಎಲೆಯ ಸುತ್ತ ನೀರು ಬಿಟ್ಟು, ಮೊಣಕಾಲೂರಿ ಕುಳಿತು ಹೇಳಿದಳು: “ಫಕೀರವ್ವಾ, ಉಣ್ಣವ್ವ, ನನ್ನ ತಂಗಿ. ಮಗಳ ಚಿಂತಿ ಮಾಡಬ್ಯಾಡ. ನಿನ್ನ ಮಗಳಿಗೆ ಕೈ ಮಾಡೀನಿ, ನನ್ನ ತಪ್ಪು ಹೊಟ್ಟಿಗೆ ಹಾಕ್ಕೋ. ಇನ್ನ ಮಾಡಾಂಗಿಲ್ಲ.”

ಎಲ್ಲರೂ ದೂರ ಸರಿದು ಬಂದು ಕುಳಿತರು. ಹಿರಿಯರು ಉಣ್ಣುವಾಗ ನೋಡಬಾರದಲ್ಲ.

ಆಮೇಲೆ ಅಜ್ಜನವರು ಕೆಂಚಿಯನ್ನು ಹತ್ತಿರ ಕರೆದು, ದೊಡ್ಡವರನ್ನು ಕೇಳುವ ಹಾಗೆ ಕೇಳಿದರು: “ನೀ ಏನಂತಿ, ಕೆಂಚವ್ವಾ? ಇಲ್ಲೇ ಇರತೀಯೋ, ಇವರ ಸಂಗಾಟ ಹೋಗತೀಯೋ?”

ಈ ಮಾತನ್ನು ಆ ಮಗುವಿಗೆ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಕೆಂಚಿ ಯೋಚಿಸಿದಳು.  ಬೆಳಗ್ಗೆ ಮಗುವನ್ನು ಬಿಟ್ಟುಬರುತ್ತೇನೆಂದು ಹೊರಟ ತೋಟವ್ವನಿಗೆ ಈಗ ಮಗು ಬರುವುದಿಲ್ಲವೆಂದುಬಿಟ್ಟರೆ ಎಂದು ಜೀವ ಬಾಯಿಗೆ ಬಂದಿತ್ತು. ಹುಡುಗಿ ಎದ್ದು ಹೋಗಿ ಕಲ್ಲನ್ನು ಎತ್ತಿಕೊಂಡು ಬಂದಳು.  ತೋಟವ್ವನ ಎದುರಿಗೆ ನಿಂತು, “ಇದನ್ನ ಒಯ್ಯಲೇನು?” ಎಂದಳು.

“ಒಯ್ಯವ್ವಾ, ಒಯ್ಯಿ. ಜಗಲೀ ಮ್ಯಾಲೆ ಇಡೂಣು, ನಮ್ಮತ್ತೀ ಬಾಜೂಕ” ಎಂದಳು ತೋಟವ್ವ.

ಗಾಡಿ ಹೊರಟಿತು. ಹೊಳೆ ದಾಟುವ ಜಾಗ ಬಂತು. ಎತ್ತುಗಳು ನೀರು ಕುಡಿಯಲು ನಿಂತವು. ಎಡೆಯ ಪ್ರಸಾದವನ್ನು ರುದ್ರಯ್ಯನವರು ಅದೇ ಬುತ್ತಿಯ ಅರಿವೆಯಲ್ಲಿ ಕಟ್ಟಿಕೊಟ್ಟಿದ್ದರು. ಅದು ತೋಟವ್ವನ ತೊಡೆಯ ಮೇಲಿತ್ತು. ಕೆಂಚಿ ಒಂದು ಸಲ ಗಂಟನ್ನು ನೋಡಿದಳು, ಒಂದು ಸಲ ನೀರನ್ನು ನೋಡಿದಳು. ಆಮೇಲೆ ಮೆಲ್ಲಗೆ ತೋಟವ್ವನ ಸೆರಗು ಜಗ್ಗಿದಳು.

“ದೊಡ್ಡವ್ವಾ… ಹಸಿವ್ಯಾಗೇತಿ.”

ತೋಟವ್ವ ಗಂಟು ಹಿಡಿದುಕೊಂಡು ಗಾಡಿಯಿಂದ ಇಳಿದಳು. ಸಂಕಣ್ಣ ಬಂದು ಬಿಚ್ಚಿಕೊಟ್ಟ. ಹೊಳೆಯ ದಂಡೆಯ ಮೇಲೆ ಮೂವರೂ ಕುಳಿತು ಉಂಡರು. ಅಷ್ಟು ತಿಂಗಳಲ್ಲಿ ಮೊದಲ ಬಾರಿಗೆ ಆ ಹುಡುಗಿ ಇನ್ನೊಂದು ರೊಟ್ಟಿ ಬೇಕೆಂದು ಕೇಳಿ ಹಾಕಿಸಿಕೊಂಡಳು.

ಒಂದೇ ದಿನದಲ್ಲಿ ಎಲ್ಲವೂ ಸರಿಹೋಯಿತು ಎಂದು ಭಕ್ತರು ತಿಳಿಯಬಾರದು. ರೊಟ್ಟಿ ಎತ್ತಿಡುವುದು ಮುಂದೆಯೂ ಬಹಳ ದಿನ ನಡೆಯಿತು. ಆದರೆ ತೋಟವ್ವ ಬಯ್ಯಲಿಲ್ಲ. ಸಂಕಣ್ಣ ಹುರಿ ಹೆಣೆದು, ಕೆಂಚಿಯ ಕೈಗೆಟುಕುವಂತೆ ಒಂದು ನೆಲುವು ತೂಗುಹಾಕಿದ. ಇರುವೆಗೂ ಸಿಗದು, ಯಾರೂ ಮುಟ್ಟರು. ಅದರಲ್ಲಿ ದಿನಾ ಒಂದು ರೊಟ್ಟಿ ಇರುತ್ತಿತ್ತು. ಮರುದಿನ ಅದು ಬೀದಿಯಲ್ಲಿ ಬಂದ ಹಸಿದವರಿಗೆ ಕೆಂಚಿಯ ಕೈಯಿಂದಲೇ ಹೋಗುತ್ತಿತ್ತು. ನಾಗವ್ವ ಎಂದು ಕರೆಯುವುದು ನಿಂತಿತು. ಅಮಾವಾಸ್ಯೆ ಬಂತೆಂದರೆ ಗಾಡಿ ತಪ್ಪದೆ ಬನ್ನಿಕೊಳ್ಳಕ್ಕೆ ಹೊರಡುತ್ತಿತ್ತು. ಕೆಂಚಿ ಅಲ್ಲಿ ಅಳುವ ದಿನ ತೋಟವ್ವ ಅಳಲು ಬಿಡುತ್ತಿದ್ದಳು, ಪಕ್ಕದಲ್ಲಿ ಕುಳಿತಿರುತ್ತಿದ್ದಳು.

ಮರುವರ್ಷ ಮಾನವಮಿ ಅಮಾವಾಸ್ಯೆಗೆ ಶಿವಗಂಗವ್ವ ಮತ್ತೆ ತವರಿಗೆ ಬಂದಳು. ಜಗಲಿಯ ಮುಂದೆ ತನ್ನ ತಾಯಿಯ ಎಲೆಯ ಪಕ್ಕದಲ್ಲಿ ಇನ್ನೊಂದು ಎಲೆ, ಅದರ ಮುಂದೆ ಬಿಳಿಗಲ್ಲು, ಹೊಸ ಖಣ. ಅದು ಫಕೀರವ್ವನದೆಂದು ಆಕೆಗೆ ಈಗ ತಿಳಿದಿತ್ತು, ಏನೂ ಅನ್ನಲಿಲ್ಲ. ಆದರೆ ಅದರಾಚೆ ಮತ್ತೊಂದು ಎಲೆ ಕಂಡು ತಡೆಯಲಾರದೆ, “ಇದು ಯಾರಿಗವಾ, ಹೊಸಾದು?” ಎಂದಳು.

ತೋಟವ್ವ ಹೋಳಿಗೆಯ ಮೇಲೆ ತುಪ್ಪ ಬಿಡುತ್ತ ಹೇಳಿದಳು: “ಅದು ಬಾಳವ್ವಂದು. ಆಕಿ ಮಗ ಸನ್ಯಾಸಿ ಆಗ್ಯಾನ. ಅಂವಾ ಎಡಿ ಇಡಾಂಗಿಲ್ಲ. ಆಕಿ ಹಸದಿರಬಾರದಲ್ಲ.”

ಮಾರನೆಯ ದಿನ ಪ್ರಸಾದ ಕಟ್ಟಿಕೊಂಡು ಮೂವರೂ ಮಠಕ್ಕೆ ಹೋದರು. ಪೂಜ್ಯರು ಎಂದಿನಂತೆ ಬೇವಿನ ಕೆಳಗೆ ಮೊರ ಹಿಡಿದು ಕುಳಿತಿದ್ದರು. ಹೇಗೆ ಹೇಳುವುದೆಂದು ತೋಟವ್ವ ತಡವರಿಸುತ್ತಿರುವಾಗ ಕೆಂಚಿಯೇ ಓಡಿಹೋಗಿ ಅವರ ಮೊಣಕಾಲ ಮೇಲೆ ಕೈಯಿಟ್ಟು ಹೇಳಿಬಿಟ್ಟಳು: “ಅಜ್ಜಾ, ನಿನ್ನೆ ಬಾಳವ್ವಗೂ ಎಡಿ ಇಟ್ವಿ!”

ಮೊರದಲ್ಲಿ ಆಡುತ್ತಿದ್ದ ಬೆರಳುಗಳು ನಿಂತವು. ಪೂಜ್ಯರು ತಲೆಯೆತ್ತಿದರು. ಎಂಬತ್ತು ದಾಟಿದ ಆ ಮುಖದ ಮೇಲೆ, ಕಟ್ಟೆಯ ಮೇಲೆ ಕುಳ್ಳಿರಿಸಿ ಹೋದ ಕೂಸಿನ ಮುಖ ತೋಟವ್ವನಿಗೆ ಕಂಡಿತು. ಆಕೆ ಕೈಮುಗಿದಳು.

“ಉಂಡ್ಲೇನವ್ವ?” ಎಂದು ಕೇಳಿದರು ಅಜ್ಜನವರು.

“ಉಂಡ್ಲು ಅಜ್ಜಾ” ಎಂದಳು ಕೆಂಚಿ. “ಹೊಟ್ಟಿ ತುಂಬ ಉಂಡ್ಲು.”